ಕಡಲೊಳಗಿನ ಹೊಳೆ

ಕಡಲು ಚಂದ ಉಂಟು, ಸೂರ್ಯ ಮುಳುಗುವುದು ಚಂದ ಉಂಟು ಎಂದು ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುವುದು ಬೆಲ್ಟಿನ ವಿಷಯ. ಸೂರ್ಯ ಮುಳುಗುವ ಹೊತ್ತಿಗೆ ನಾನು ಲೈಫ್ ಜಾಕೆಟ್ ತೊಳೆಯುತ್ತಿದ್ದೆ. ಹಾಗಾಗಿ ಆ ಕಡೆ ಸರಿಯಾಗಿ ನೋಡಿದ್ದೇ ಇಲ್ಲ.

ಬರುವ ತಿಂಗಳಿನಿಂದ ವಾಮದಪದವಿನ ಇಬ್ಬರು ಹುಡುಗಿಯರು ನಾನು ಬಿಟ್ಟ ಕೆಲಸಕ್ಕೆ ಸೇರುತ್ತಾರಂತೆ. ಮೊನ್ನೆ ಮನೆಗೆ ಬಂದಿದ್ದರು. "ದೊಡ್ಡಮ್ಮ, ಅಲ್ಲಿ ಎಂತ ಕೆಲಸ ಇರ್ತದೆ?" ಎಂದು ಕೇಳಿದರು. "ಬೆಲ್ಟು ಕಟ್ಟುದು, ಬೈಯುದು" ಎಂದೆ. ನಗಾಡಿಕೊಂಡು ಹೋದರು. ಅವರು ಹೋದ ಮೇಲೆ, ಅಷ್ಟು ಹೇಳಿದರೆ ಸಾಲದು ಎಂದು ಕಂಡಿತು. ನಾನು ಶಾಲೆಗೆ ಹೋದದ್ದು ಮೂರನೇ ಕ್ಲಾಸಿನವರೆಗೆ. ಒತ್ತಕ್ಷರ ತಪ್ಪಿದರೆ ನೀವೇ ತಿದ್ದಿ ಓದಿ. ನೀರಿನ ವಿಷಯ ತಪ್ಪಿದರೆ ಮತ್ತೆ ತಿದ್ದಲಿಕ್ಕೆ ಆಗುವುದಿಲ್ಲ, ಅದನ್ನು ಮಾತ್ರ ಸರಿಯಾಗಿ ಬರೆಯುತ್ತೇನೆ.

ನಮ್ಮ ಮನೆ ಬಂಟ್ವಾಳದಲ್ಲಿ, ಹೊಳೆ ಬದಿ. ಅಪ್ಪ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದರು. ನನಗೆ ಈಜು ಕಲಿಸಿದ್ದು ಅಣ್ಣ ಸಂಜೀವ. ಕಲಿಸಿದ್ದು ಅಂದರೆ ದೋಣಿಯಿಂದ ದೂಡಿ ಹಾಕಿದ್ದು. ಮಳೆಗಾಲದಲ್ಲಿ ನೆರೆ ಬಂದರೆ ಮೇಲಿನ ತೋಟಗಳಿಂದ ತೆಂಗಿನಕಾಯಿ ತೇಲಿ ಬರುತ್ತದೆ. ಅದನ್ನು ಹಿಡಿಯುವುದರಲ್ಲಿ ಅಣ್ಣನನ್ನು ಮೀರಿಸುವವರು ನಮ್ಮ ದಡದಲ್ಲಿ ಇರಲಿಲ್ಲ. ಅದಕ್ಕೆ ಒಂದು ಕ್ರಮ ಉಂಟು. ಕಾಯಿ ಹಿಡಿದವನು ಹೊರಟ ಜಾಗಕ್ಕೇ ಹಿಂದೆ ಈಜಲಿಕ್ಕೆ ಹೋಗಬಾರದು. ನೀರು ಕೊಂಡುಹೋಗುವಷ್ಟು ಕೊಂಡುಹೋಗಲಿ ಎಂದು ಬಿಟ್ಟು, ಓರೆಯಾಗಿ ದಡಕ್ಕೆ ಸರಿಯಬೇಕು. ಎಲ್ಲೋ ಕೆಳಗೆ ಹತ್ತಿ, ದಡದಲ್ಲಿ ನಡೆದುಕೊಂಡು ವಾಪಾಸು ಬರಬೇಕು. ನೆರೆಯ ಶಬ್ದಕ್ಕೆ ಕೂಗಿದರೆ ಕೇಳುವುದಿಲ್ಲ. ಹಾಗಾಗಿ ನಾನು ಅಪ್ಪನ ಹೆಗಲಿನ ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ, ಹಿಡಿದು ದಡದಲ್ಲಿ ನಿಲ್ಲುತ್ತಿದ್ದೆ. ಹತ್ತಲಿಕ್ಕೆ ಜಾಗ ಯಾವ ಬದಿಗೆ ಉಂಟೋ ಆ ಬದಿಗೆ ಬೀಸುವುದು ನನ್ನ ಕೆಲಸ. ಅಣ್ಣ ನೀರಿನಿಂದ ತಲೆ ಎತ್ತಿ ಬೈರಾಸು ನೋಡಿ ಆ ಕಡೆ ತಿರುಗುತ್ತಿದ್ದ. ಸ್ವಲ್ಪ ಹೊತ್ತಿನಲ್ಲಿ ಕೈಯಲ್ಲೊಂದು ಕಂಕುಳಲ್ಲೊಂದು ಕಾಯಿ ಹಿಡಿದುಕೊಂಡು ನಡೆದು ಬರುತ್ತಿದ್ದ.

ದೊಡ್ಡವಳಾದ ಮೇಲೆ ನಾನು ಬೀಡಿ ಕಟ್ಟಿದೆ. ಬೀಡಿಯ ಕೆಲಸ ಕಡಿಮೆಯಾದಾಗ ಕಡಲ ಬದಿಯಲ್ಲಿ ಕೆಲಸ ಉಂಟು ಎಂದು ಯಾರೋ ಹೇಳಿದರು. ಮಂಗಳೂರಿನ ಆಚೆ ಒಂದು ಬೀಚಿನಲ್ಲಿ ನೀರಿನ ಆಟ ಆಡಿಸುವವರು ಬಂದಿದ್ದರು. ಹೆಂಗಸರು ಬಟ್ಟೆ ಬದಲಿಸುವ ಕೋಣೆ ನೋಡಿಕೊಳ್ಳಲಿಕ್ಕೆ ಜನ ಬೇಕಿತ್ತು. ಬಿ.ಸಿ. ರೋಡಿನಿಂದ ಬೆಳಗ್ಗಿನ ಬಸ್ಸು ಹಿಡಿದು ಹೋಗಲಿಕ್ಕೆ ಸುರು ಮಾಡಿದೆ. ಬೀಡಿಗೆ ನೂಲು ಸುತ್ತಿ ಅಭ್ಯಾಸ ಇದ್ದ ಕೈ. ಒಂದು ದಿನ ಜಾಕೆಟ್ ಕಟ್ಟುವವನು ಬರಲಿಲ್ಲ, ನಾನು ಕಟ್ಟಿದೆ. ಮತ್ತೆ ಅವನು ಬಂದರೂ ನನ್ನ ಹತ್ತಿರವೇ ಕಟ್ಟಿಸಿದರು.

ಅಣ್ಣನಿಗೆ ಇದು ದೊಡ್ಡ ತಮಾಷೆ. ನಾವು ಮನೆಯಲ್ಲಿ ಆಡುವುದು ತುಳು, ಇಲ್ಲಿ ಕನ್ನಡದಲ್ಲಿ ಬರೆದಿದ್ದೇನೆ.

"ಕಡಲಿಗೆ ಎಂತ ಕಾವಲು? ಅದೆಂತ ಓಡಿ ಹೋಗ್ತದಾ?"

"ಕಡಲು ಓಡುದಿಲ್ಲ. ಕಡಲಿಗೆ ಇಳಿದವರನ್ನು ಓಡಿಸ್ತದೆ."

"ಹೊಳೆಯ ನೆರೆಯಲ್ಲಿ ಈಜಿದವನಿಗೆ ನಿನ್ನ ಕಡಲು ಗದ್ದೆ ಇದ್ದ ಹಾಗೆ ಮಾರಾಯ್ತಿ. ಒಂದು ದಿನ ಬರ್ತೇನೆ. ನಿನ್ನ ಅಲೆ ದಾಟಿ ಆಚೆ ಹೋಗಿ ನಿಂತು ಕೈ ಬೀಸ್ತೇನೆ. ನೋಡು."

ಅವನು ಹೇಳಿದ್ದನ್ನು ಮಾಡುವ ಜನ. ಬರುತ್ತಾನೆ, ಬಂದರೆ ಜಾಕೆಟ್ ಹಾಕುವುದಿಲ್ಲ, ನಾನು ಹೇಳಿದರೆ ಕೇಳುವುದಿಲ್ಲ. ಯಾರಿಗೆ ಬೆಲ್ಟು ಕಟ್ಟುವಾಗಲೂ ಇದು ನನ್ನ ತಲೆಯ ಒಂದು ಮೂಲೆಯಲ್ಲಿ ಇರುತ್ತಿತ್ತು.

ಜಾಕೆಟ್ಟಿಗೆ ಮುಂದೆ ಬಕಲುಗಳು, ಕೆಳಗೆ ಕಾಲಿನ ಸಂದಿಯಿಂದ ಬರುವ ಒಂದು ಬೆಲ್ಟು. ಮುಂದಿನದ್ದನ್ನು ಎಲ್ಲರೂ ಹಾಕುತ್ತಾರೆ. ಕೆಳಗಿನದ್ದು ಬೇಡ ಎನ್ನುತ್ತಾರೆ. ನಾಚಿಕೆ. ಒಬ್ಬಳು ಹೆಂಗಸು ಎದುರಿಗೆ ಕುಕ್ಕರುಗಾಲಲ್ಲಿ ಕೂತು ಬೆಲ್ಟು ಕಟ್ಟಿದರೆ ನಮ್ಮ ಊರಿನ ಗಂಡಸರಿಗೆ ಜೀವ ಹೋದ ಹಾಗೆ. ನಾನು ಹೇಳುತ್ತಿದ್ದದ್ದು ಇಷ್ಟು: "ಬೆಲ್ಟು ನೀವೇ ತೆಗೆದು ಮುಂದೆ ಕೊಡಿ, ನಾನು ಎಳೆದು ಬಿಗಿ ಮಾಡ್ತೇನೆ. ಜೀವ ಹೋದ ಹಾಗೆ ಆಗುದು ಬೇರೆ, ಹೋಗುದು ಬೇರೆ."

ಕಟ್ಟಿದ ಮೇಲೆ ಎರಡು ಹೆಗಲಿನಲ್ಲಿ ಹಿಡಿದು ಜಾಕೆಟ್ಟನ್ನು ಮೇಲಕ್ಕೆ ಎಳೆದು ನೋಡಬೇಕು. ಕಿವಿಗೆ ಬಂದರೆ ಬಿಚ್ಚಿ ಮತ್ತೆ ಕಟ್ಟಬೇಕು. ಅಲ್ಲಾಡದೆ ನಿಂತರೆ ಬಿಡಬಹುದು. ಇದಕ್ಕೆ ಬೇರೆ ವಿದ್ಯೆ ಬೇಡ.

ಮೂಡುಬಿದಿರೆಯ ಒಬ್ಬರು ಹೋಟೆಲಿನ ಯಜಮಾನರು ಹೆಂಡತಿ ಸಮೇತ ಬಂದಿದ್ದರು. ಹೊಟ್ಟೆ ಹೋಟೆಲಿನವರದ್ದೇ. "ಸ್ವಲ್ಪ ಸಡಿಲ ಬಿಡಿ ಅಮ್ಮ, ಈಗಷ್ಟೇ ಊಟ ಆದದ್ದು" ಎಂದರು.

"ಹಾಗಾದರೆ ನೆರಳಿನಲ್ಲಿ ಕೂತ್ಕೊಳ್ಳಿ. ಹೊಟ್ಟೆ ಇಳಿದ ಮೇಲೆ ಕಟ್ಟುವ."

ಅವರಿಗೆ ಕಾಯಲಿಕ್ಕೆ ಪುರುಸೊತ್ತಿಲ್ಲ. ಬಿಗಿ ಕಟ್ಟಿ ಕಳಿಸಿದೆ. ನನ್ನ ಕಣ್ಣು ತಪ್ಪಿದ ಕೂಡಲೇ ಅವರೇ ಎಲ್ಲ ಸಡಿಲ ಮಾಡಿಕೊಂಡರು, ಕೆಳಗಿನ ಬೆಲ್ಟನ್ನು ಬಿಚ್ಚಿಯೇ ಬಿಟ್ಟರು. ಸೊಂಟದಷ್ಟು ನೀರಿಗೆ ಹೋದಾಗ ಒಂದು ಅಲೆ ಬಂತು. ಜಾಕೆಟ್ ಮೇಲೆ ಹೋಯಿತು, ಯಜಮಾನರು ಕೆಳಗೆ ಉಳಿದರು. ಎರಡು ಕೈ ಆಕಾಶಕ್ಕೆ, ಮುಖ ಜಾಕೆಟ್ಟಿನೊಳಗೆ. ಒಳಗಿಂದ ಬೊಬ್ಬೆ ಹಾಕುತ್ತಿದ್ದರು, ಬೈಹುಲ್ಲು ಸುತ್ತಿದ ಅಕ್ಕಿ ಮುಡಿಯೊಳಗಿಂದ ಯಾರೋ ಮಾತಾಡಿದ ಹಾಗೆ ಕೇಳುತ್ತಿತ್ತು. ಅವರ ಹೆಂಡತಿ, ಗಂಡ ಕುಣಿಯುತ್ತಿದ್ದಾರೆ ಎಂದು ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ನಮ್ಮ ಲೈಫ್ ಗಾರ್ಡ್ ಅದ್ರಾಮ ಹೋಗಿ ಎಳೆದು ತಂದ. ಬಂದವರು ಉಸಿರು ತೆಗೆದುಕೊಂಡು ಮೊದಲು ಹೇಳಿದ ಮಾತು, "ಅಮ್ಮ, ಬಿಗಿ ಕಟ್ಟಿ."

ಅಲ್ಲಿಂದ ಮತ್ತೆ ಬೆಲ್ಟು ಕಟ್ಟಿ ಕಳಿಸಿದವರ ಬೆನ್ನನ್ನು ನಾನು ನೀರಿನವರೆಗೆ ನೋಡುತ್ತಿದ್ದೆ. ಬಿಚ್ಚುವವರು ಬಿಚ್ಚುವುದು ದಾರಿಯಲ್ಲಿ.

ಹೆಂಗಸರದ್ದು ಬೇರೆ ಕಥೆ. ಪುತ್ತಿಗೆಯಿಂದ ಒಂದು ಮಹಿಳಾ ಸಂಘದವರು ಬಸ್ಸು ಮಾಡಿ ಬಂದಿದ್ದರು. ಇಳಿದದ್ದೇ ಎಲ್ಲರೂ ಸೀರೆಯಲ್ಲೇ, ಕೈ ಕೈ ಹಿಡಿದು ಒಂದು ಸಾಲು ಮಾಡಿ ನೀರಿಗೆ ಹೊರಟರು. ನಾನು ಅಡ್ಡ ನಿಂತೆ.

"ಕೈ ಬಿಡಿ ಎಲ್ಲರೂ."

ಸಂಘದ ಅಧ್ಯಕ್ಷೆ ಮುಂದೆ ಬಂದರು. "ಕೈ ಬಿಟ್ರೆ ಒಬ್ಬರು ಹೋಗ್ತೇವಲ್ಲ ಅಕ್ಕ?"

"ಹಿಡಿದರೆ ಎಲ್ಲರೂ ಒಟ್ಟಿಗೆ ಹೋಗ್ತೀರಿ."

"ನಮ್ಮ ಸಂಘದಲ್ಲಿ ಎಲ್ಲ ಒಟ್ಟಿಗೇ ಮಾಡುದು" ಎಂದು ಹಿಂದಿನಿಂದ ಒಬ್ಬಳು ಹೇಳಿದಳು. ಎಲ್ಲರೂ ನಕ್ಕು ನನ್ನನ್ನು ಸುತ್ತಿಕೊಂಡು ಹೋದರು. ಅಲೆ ಬಂದು ಕೊನೆಯವಳನ್ನು ಬೀಳಿಸಿತು, ಅವಳು ಬದಿಯವಳನ್ನು ಬೀಳಿಸಿದಳು. ಒಣಗಲು ಬಟ್ಟೆ ಹಾಕಿದ ಹಗ್ಗ ತುಂಡಾದ ಹಾಗೆ ಸಾಲಿಗೆ ಸಾಲೇ ಬಿತ್ತು. ನೀರು ಮೊಣಕಾಲಿಗೆ ಇತ್ತು. ಆದರೆ ಒದ್ದೆ ಸೀರೆ ಕಾಲಿಗೆ ಸುತ್ತಿಕೊಂಡರೆ ಮೊಣಕಾಲಿನ ನೀರೂ ಸಾಕು. ಏಳಲಿಕ್ಕೆ ಹೋದವಳನ್ನು ಪಕ್ಕದವಳು ಹಿಡಿದು ಎಳೆಯುವುದು, ಇಬ್ಬರೂ ಮತ್ತೆ ಬೀಳುವುದು. ನಾನು ಮತ್ತು ಅದ್ರಾಮ ಒಬ್ಬೊಬ್ಬರನ್ನೇ ಕಂಕುಳಿಗೆ ಕೈ ಹಾಕಿ ಮರಳಿಗೆ ತಂದು ಕೂರಿಸಿದೆವು. ಅಧ್ಯಕ್ಷೆಯ ಬಾಯಿ ತುಂಬ ಮರಳು.

ಅವತ್ತಿನಿಂದ ನಾನು ಮನೆಮನೆಯಿಂದ ಹಳೆಯ ಪ್ಯಾಂಟು, ಟೀ ಶರ್ಟು ಕೇಳಿ ತಂದು ಕೋಣೆಯಲ್ಲಿ ರಾಶಿ ಹಾಕಿದೆ. ಸೀರೆಯಲ್ಲಿ ಬಂದವರಿಗೆ ಅದು. ಮರುವರ್ಷ ಪುತ್ತಿಗೆಯವರು ಪುನಃ ಬಂದರು. ಅಧ್ಯಕ್ಷೆ ಒಂದು ಟೀ ಶರ್ಟು ಹಾಕಿಕೊಂಡು ಎದೆಯ ಮೇಲಿನ ಬರವಣಿಗೆ ಮುಟ್ಟಿ, "ಇದರಲ್ಲಿ ಎಂತ ಬರ್ದಿದೆ ಅಕ್ಕ? ಹೆಚ್ಚುಕಮ್ಮಿ ಏನಾದ್ರೂ ಉಂಟಾ?" ಎಂದು ಕೇಳಿದರು.

"ನನಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ. ನೀರಿಗೂ ಬರುದಿಲ್ಲ. ಹೋಗಿ."

ಒಬ್ಬರಿಂದ ಒಬ್ಬರು ಒಂದು ಮಾರು ದೂರ ನಿಲ್ಲಿಸಿದೆ. ಕಡಲಿಗೆ ಬೆನ್ನು ಹಾಕಬಾರದು, ಅಡ್ಡ ನಿಲ್ಲಬೇಕು, ಒಂದು ಕಾಲು ಮುಂದೆ ಒಂದು ಹಿಂದೆ, ಮೊಣಕಾಲು ಸ್ವಲ್ಪ ಮಡಚಿ, ಸೊಂಟಕ್ಕಿಂತ ಮೇಲಿನ ನೀರಿಗೆ ಹೋಗಬಾರದು. ಅಲೆ ಬರುವಾಗ ಬೊಬ್ಬೆ ಹಾಕಬಹುದು, ಅದಕ್ಕೆ ನಾನು ಅಡ್ಡಿ ಮಾಡುವುದಿಲ್ಲ. ಸಂಜೆಯವರೆಗೆ ಆಡಿದರು, ಒಬ್ಬಳೂ ಬೀಳಲಿಲ್ಲ.

ಇನ್ನು ಮೇನೇಜರ್. ಒಳ್ಳೆಯ ಮನುಷ್ಯ, ಆದರೆ ಜನ ನಗುತ್ತಿದ್ದರೆ ಸಾಕು, ಎಲ್ಲ ಸರಿ ಉಂಟು ಎಂದು ತಿಳಿದುಕೊಳ್ಳುವವರು. ಬಾಳೆಹಣ್ಣಿನ ಆಕಾರದ ಗಾಳಿ ದೋಣಿ ಬಂತು. ಅದರ ಮೇಲೆ ಕುದುರೆ ಮೇಲೆ ಕೂತ ಹಾಗೆ ಸಾಲಾಗಿ ಕೂರುವುದು, ಮುಂದಿನ ಬೋಟು ಎಳೆದುಕೊಂಡು ಹೋಗುವುದು. ವಾಪಾಸು ಬರುವಾಗ ಬೋಟಿನವನು ಬೇಕೆಂದೇ ಗಕ್ಕನೆ ತಿರುಗಿಸಿ ಎಲ್ಲರನ್ನೂ ನೀರಿಗೆ ಹಾಕುತ್ತಿದ್ದ. ಅದೇ ಆಟದ ಮಜಾ ಅಂತೆ. ಬೀಳಿಸುತ್ತೇವೆ ಎಂದು ಮೊದಲೇ ಹೇಳುತ್ತಿರಲಿಲ್ಲ.

"ಹೇಳಿ ಬೀಳಿಸಿ ಸಾರ್" ಎಂದೆ.

"ಹೇಳಿದರೆ ಅದರಲ್ಲಿ ಎಂಥ ಮಜಾ ಅಮ್ಮ?"

ಚಾರ್ಮಾಡಿಯ ಕಡೆಯ ಒಬ್ಬರು ಅಜ್ಜ ಮೊಮ್ಮಕ್ಕಳ ಜೊತೆ ಕೂತರು. ಬೋಟು ತಿರುಗಿತು, ಎಲ್ಲರೂ ಬಿದ್ದರು, ಜಾಕೆಟ್ ಇದ್ದ ಕಾರಣ ಎಲ್ಲರೂ ತೇಲಿದರು. ಅಜ್ಜನ ಹಲ್ಲು ಸೆಟ್ಟು ತೇಲಲಿಲ್ಲ. ದಡಕ್ಕೆ ಬಂದ ಅಜ್ಜ ಮೇನೇಜರಿಗೆ ತುಳುವಿನಲ್ಲಿ ಬೈದದ್ದು ಇಲ್ಲಿ ಬರೆಯುವ ಹಾಗಿಲ್ಲ. ಹಲ್ಲಿಲ್ಲದ ಕಾರಣ ಅರ್ಧ ಗಾಳಿಯೇ ಬರುತ್ತಿತ್ತು, ಆದರೂ ಮೇನೇಜರಿಗೆ ಪೂರ್ತಿ ಅರ್ಥವಾಯಿತು. ಮರುದಿನದಿಂದ ದೋಣಿ ಹತ್ತುವ ಮೊದಲು ಹೇಳುವ ಕೆಲಸ ನನಗೆ ಬಂತು: "ಇದು ಬೀಳಿಸ್ತದೆ. ಬೇಡದವರು ಈಗಲೇ ಇಳೀರಿ. ಕನ್ನಡಕ, ಹಲ್ಲು, ಕರಿಮಣಿ ತೆಗೆದು ಮನೆಯವರ ಕೈಯಲ್ಲಿ ಕೊಡಿ. ಬಿದ್ದ ಕೂಡಲೇ ಬೋಟಿನ ಹಿಂದೆ ಈಜ್ಲಿಕ್ಕೆ ಹೋಗ್ಬೇಡಿ, ಅದರ ಹಿಂದೆ ತಿರುಗುವ ರೆಕ್ಕೆ ಉಂಟು. ತೇಲ್ತಾ ಇರಿ, ಅವರೇ ಬರ್ತಾರೆ." ಮಜಾ ಏನೂ ಕಡಿಮೆಯಾದ ಹಾಗೆ ಕಾಣಲಿಲ್ಲ. ಬೀಳುತ್ತೇವೆ ಎಂದು ಗೊತ್ತಿದ್ದರೆ ಹೆದರಿಕೆ ಮೊದಲೇ ಸುರುವಾಗುತ್ತದೆ, ಅಷ್ಟೇ.

ನಾನು ಸೇರುವಾಗ ಬೀಚಿನಲ್ಲಿ ಇದ್ದದ್ದು ಅದ್ರಾಮನ ಸೀಟಿ ಮತ್ತು ಒಂದು ಹಗ್ಗ. ಬರುಬರುತ್ತ ಬಾವುಟ ಬಂತು, ಮುಳುಗುವವರಿಗೆ ಹಿಡಿಯಲಿಕ್ಕೆ ಕೊಡುವ ತೇಲುವ ಕೆಂಪು ಕೊಳವೆ ಬಂತು, ನೀರಿನ ಬೈಕು ಬಂತು, ಮೈಕು ಬಂತು. ಕೆಂಪು ಹಳದಿ ಬಾವುಟಗಳ ನಡುವೆ ಸ್ನಾನ ಮಾಡಬಹುದು, ಬರೀ ಕೆಂಪು ಹಾಕಿದ ಕಡೆ ಇಳಿಯಬಾರದು. ನಮ್ಮವರು ಕೆಂಪು ಬಾವುಟದ ಕೋಲಿಗೆ ಬನಿಯನ್ನು ಒಣಗಲು ಹಾಕಿ ಅಲ್ಲೇ ಇಳಿಯುತ್ತಿದ್ದರು. ಮೈಕು ದಿನವಿಡೀ ಹೇಳುತ್ತಿತ್ತು. ಎಲ್ಲರಿಗೆ ಹೇಳಿದ್ದನ್ನು ಯಾರೂ ತನಗೆ ಎಂದು ತೆಗೆದುಕೊಳ್ಳುವುದಿಲ್ಲ. ಹತ್ತಿರ ಹೋಗಿ, "ಹಸಿರು ಅಂಗಿಯವರೇ, ನಿಮಗೇ ಹೇಳುದು" ಎನ್ನಬೇಕು. ಬಾವುಟವೂ ಮೈಕೂ ಬೇಡ ಎನ್ನುವುದಿಲ್ಲ. ಅದು ಉಂಟು ಎಂದು ನೀವು ಕುರ್ಚಿಯಲ್ಲಿ ಕೂತುಕೊಂಡರೆ ಆಗುವುದಿಲ್ಲ.

ಈಗ ಮುಖ್ಯ ಸಂಗತಿ. ಹುಡುಗಿಯರು ಇಲ್ಲಿ ನಿದ್ದೆ ಮಾಡಬಾರದು.

ಬಂಟ್ವಾಳ, ಬೆಳ್ತಂಗಡಿಯ ಕಡೆಯಿಂದ ಬಂದ ಬಸ್ಸು ನನಗೆ ಬೋರ್ಡು ನೋಡದೆ ಗೊತ್ತಾಗುತ್ತಿತ್ತು. ಇಳಿದವರು ಸೀದಾ ಕೆಂಪು ಬಾವುಟದ ಕಡೆಗೇ ನಡೆಯುತ್ತಿದ್ದರು. ಬೇರೆ ಊರಿನವರು ಎಲ್ಲಿ ಜನ ಇದ್ದಾರೋ ಅಲ್ಲಿ ಇಳಿಯುತ್ತಾರೆ. ನಮ್ಮವರು ನೀರು ನೋಡಿ ಇಳಿಯುವವರು. ಹೊಳೆಯಲ್ಲಿ ನೊರೆ ಬರುವ ಕಡೆ ಕಲ್ಲು ಇರುತ್ತದೆ, ನೀರು ನಯವಾಗಿರುವ ಕಡೆ ಇಳಿಯಬೇಕು ಎಂದು ಚಿಕ್ಕಂದಿನಿಂದ ಗೊತ್ತು. ಕಡಲಿನಲ್ಲೂ ಹಾಗೆ ಒಂದು ಓಣಿ ಕಾಣುತ್ತದೆ. ಎರಡು ಬದಿಯಲ್ಲಿ ಅಲೆ ಒಡೆದು ಬಿಳಿ ನೊರೆ, ನಡುವೆ ಒಂದು ಕಡೆ ಅಲೆಯೇ ಇಲ್ಲದೆ ನಯ. ಇಲ್ಲಿ ಒಳ್ಳೆಯದುಂಟು ಎಂದು ಅಲ್ಲಿ ಇಳಿಯುತ್ತಾರೆ.

ನಾನೂ ಮೊದಲು ಹಾಗೇ ತಿಳಿದಿದ್ದೆ. ಅದ್ರಾಮ ಕಡಲ ಬದಿಯಲ್ಲೇ ಹುಟ್ಟಿದವನು, ಬ್ಯಾರಿಗಳ ಹುಡುಗ. ಒಂದು ಬೆಳಗ್ಗೆ ನನ್ನನ್ನು ಕರೆದುಕೊಂಡು ಹೋಗಿ ಆ ನಯ ನೀರಿಗೆ ಒಂದು ತೆಂಗಿನ ಸಿಪ್ಪೆ ಬಿಸಾಡಿದ.

"ನೋಡ್ತಾ ಇರಿ ಅಕ್ಕ."

ಸಿಪ್ಪೆ ದಡಕ್ಕೆ ಬರಲಿಲ್ಲ. ಯಾರೋ ನೂಲು ಕಟ್ಟಿ ಎಳೆದ ಹಾಗೆ ಪಡುವಣಕ್ಕೆ ಹೋಯಿತು. ನೊರೆಯ ಕಡೆ ಇನ್ನೊಂದು ಬಿಸಾಡಿದ. ಅದು ಕುಣಿದು ಕುಣಿದು ನಮ್ಮ ಕಾಲಿಗೇ ಬಂತು.

"ದಡಕ್ಕೆ ಬಂದ ನೀರು ಹಿಂದೆ ಹೋಗ್ಬೇಕಲ್ಲ? ಅದು ಹೋಗುವ ದಾರಿ ಇದು. ಅಡಿಯಲ್ಲಿ ಆಳ ಉಂಟು, ಅದಕ್ಕೇ ಅಲೆ ಒಡೆಯುದಿಲ್ಲ. ಇಲ್ಲಿ ಸೆಳೆತ. ಸಿಕ್ಕಿದವನು ದಡ ನೋಡಿ ಈಜಿದರೆ ಕೈ ಸೋತು ಮುಳುಗುದು."

"ಮತ್ತೆ ಎಂತ ಮಾಡುದು?"

"ಬೊಬ್ಬೆ ಹಾಕ್ಲಿಕ್ಕೆ ಇಲ್ಲ, ಹೊಡೆದಾಡ್ಲಿಕ್ಕೆ ಇಲ್ಲ. ಮಲಗಿ ತೇಲುದು, ಒಂದು ಕೈ ಎತ್ತುದು. ಆಗುದಾದರೆ ಬದಿಗೆ ಈಜುದು, ನೊರೆ ಉಂಟಲ್ಲ, ಅಲ್ಲಿಗೆ. ನೊರೆ ಸಿಕ್ಕಿದರೆ ಅಲೆಯೇ ತಂದು ಹಾಕ್ತದೆ."

ಅಂದಿನಿಂದ ನಮ್ಮ ಊರಿನ ಬಸ್ಸು ಬಂದರೆ ನಾನು ಆ ಓಣಿಯ ಎದುರು ಹೋಗಿ ನಿಲ್ಲುತ್ತಿದ್ದೆ. "ಇಲ್ಲಿ ಸೆಳೆತ ಉಂಟು" ಎನ್ನುತ್ತಿದ್ದೆ. "ಎಲ್ಲಿ ಅಕ್ಕ, ಎಷ್ಟು ಚಂದ ನಿಂತಿದೆ ನೀರು" ಎನ್ನುತ್ತಿದ್ದರು. ಸಿಪ್ಪೆ ಬಿಸಾಡಿ ತೋರಿಸಿದರೆ ಕೆಲವರು ನಂಬುತ್ತಿದ್ದರು. ಕೆಲವರು ಸಿಪ್ಪೆಗೆ ಈಜಲಿಕ್ಕೆ ಬರುವುದಿಲ್ಲ, ನಮಗೆ ಬರುತ್ತದೆ ಎನ್ನುತ್ತಿದ್ದರು. ಅಣ್ಣನಿಗೂ ಮನೆಯಲ್ಲಿ ಹೇಳಿದ್ದೆ. "ಸೆಳೆತವಂತೆ" ಎಂದು ಅನ್ನಕ್ಕೆ ಸಾರು ಹಾಕಿಕೊಂಡ.

ಅವನು ಬಂದದ್ದು ಎಳ್ಳಮಾವಾಸ್ಯೆಯ ದಿನ. ಅವತ್ತು ನಮ್ಮ ಕಡೆಯವರಿಗೆ ಕಡಲ ಸ್ನಾನ ಆಗಬೇಕು. ನಸುಕಿನಿಂದಲೇ ಜನ. ನೀರಿನ ಬೈಕು, ದೋಣಿ ಎಲ್ಲ ಮರಳಿನ ಮೇಲೆ ಎಳೆದು ಇಟ್ಟಿದ್ದರು. ಅಮಾವಾಸ್ಯೆಗೆ ನೀರಿನ ಏರಿಳಿತ ಹೆಚ್ಚು, ಇಳಿಯುವ ಹೊತ್ತಿಗೆ ಸೆಳೆತವೂ ಹೆಚ್ಚು. ಹೊಳೆಯವರಿಗೆ ಅದರ ಅಂದಾಜು ಇರುವುದಿಲ್ಲ, ನಮ್ಮ ಹೊಳೆಗೆ ಅಮಾವಾಸ್ಯೆಯೂ ಒಂದೇ ಹುಣ್ಣಿಮೆಯೂ ಒಂದೇ.

ಅತ್ತಿಗೆಯನ್ನೂ ನೆಂಟರನ್ನೂ ಕರೆದುಕೊಂಡು ವ್ಯಾನಿನಲ್ಲಿ ಬಂದ. ನಾನು ಜಾಕೆಟ್ ಹಿಡಿದುಕೊಂಡು ಎದುರು ಹೋದೆ. ಸ್ನಾನದವರಿಗೂ ಕೇಳಿದರೆ ಕೊಡುವ ಕ್ರಮ ಇತ್ತು.

"ಇದೆಂತ?"

"ಹಾಕ್ಕೋ."

"ತೀರ್ಥಸ್ನಾನಕ್ಕೆ ಜಾಕೆಟ್ಟಾ? ಇದನ್ನು ಹಾಕಿ ಮುಳುಗುದು ಹೇಗೆ ಮಾರಾಯ್ತಿ? ನಾನೂ ತೇಲ್ತೇನೆ, ಪುಣ್ಯವೂ ತೇಲ್ತದೆ."

ನೆಂಟರು ನಕ್ಕರು. "ಎರಡು ಬಾವುಟದ ನಡುವೆ ಮುಳುಗು, ಮೇಲೆ ಬಾ" ಎಂದೆ. "ಆಯ್ತು, ಆಯ್ತು" ಎಂದ. ಅವನು ಎರಡು ಸಲ ಆಯ್ತು ಎಂದರೆ ಮಾಡುವುದಿಲ್ಲ ಎಂದು ಅರ್ಥ. ಆದರೆ ನನ್ನ ಎದುರು ಸಾಲು ನಿಂತಿತ್ತು. ಈಜು ಬಾರದ ಮಕ್ಕಳಿಗೆ, ಮುದುಕರಿಗೆ ಕಟ್ಟುತ್ತಿದ್ದೆ. ಬಾವುಟದ ನಡುವೆ ಅವನು ಮುಳುಗಿ ಎದ್ದದ್ದನ್ನು ನೋಡಿದೆ. ಒಬ್ಬರಿಗೆ ಕಟ್ಟಿ ತಲೆ ಎತ್ತಿದೆ, ಅವನು ಅಲ್ಲಿ ಇಲ್ಲ. ಕೆಂಪು ಬಾವುಟದ ಕಡೆ ನೋಡಿದೆ. ನಯ ನೀರಿನ ಓಣಿಯಲ್ಲಿ, ಅಲೆಗಳ ಆಚೆ, ಅವನ ಬಿಳಿ ತಲೆ.

ಅತ್ತಿಗೆ ನನ್ನ ಬದಿಗೆ ಬಂದರು. "ಆಚೆ ಹೋಗಿ ಕೈ ಬೀಸ್ತೇನೆ ಹೇಳಿದ್ರು. ಬೀಸುದಿಲ್ಲ ಯಾಕೆ?"

ನಾನು ಅವನ ಕೈಯನ್ನೇ ನೋಡುತ್ತಿದ್ದೆ. ಅವನ ಕೈ ಹೊಡೆಯುವುದು ನನಗೆ ಗೊತ್ತು. ಉದ್ದಕ್ಕೆ ಹಾಕಿ ನಿಧಾನ ಎಳೆಯುವ ಕೈ. ಅದು ಈಗ ಗಿಡ್ಡವಾಗಿತ್ತು, ಬೇಗ ಬೇಗ ಬೀಳುತ್ತಿತ್ತು. ಮುಖ ದಡಕ್ಕೆ ಇತ್ತು. ಅಷ್ಟು ಈಜಿದರೂ ತಲೆ ಇದ್ದಲ್ಲೇ ಇತ್ತು. ಮತ್ತೆ ನೋಡಿದರೆ ಇನ್ನೂ ಸ್ವಲ್ಪ ಆಚೆ.

ನನ್ನ ಕೊರಳಿನ ಸೀಟಿ ಊದಿ ಅದ್ರಾಮನನ್ನು ಕರೆದೆ. ಅವನು ಬಾವುಟದ ಆಚೆ ತುದಿಯಿಂದ ಕೆಂಪು ಕೊಳವೆ ಹಿಡಿದು ಓಡಿ ಬಂದು ನೀರಿಗೆ ಬಿದ್ದ. ಅವನು ತಲುಪಲಿಕ್ಕೆ ಹೊತ್ತು ಬೇಕು. ನಾನು ನೀರಿಗೆ ಇಳಿಯಲಿಲ್ಲ. ಇದನ್ನು ಆ ಹುಡುಗಿಯರು ಎರಡು ಸಲ ಓದಬೇಕು. ನನಗೆ ಈಜಲಿಕ್ಕೆ ಬರುತ್ತದೆ, ಅಲ್ಲಿ ಇದ್ದವನು ನನ್ನ ಒಡಹುಟ್ಟಿದವನು, ಆದರೂ ಇಳಿಯಲಿಲ್ಲ. ಇಳಿದಿದ್ದರೆ ಅದ್ರಾಮ ಒಂದು ಕೊಳವೆಯಲ್ಲಿ ಇಬ್ಬರನ್ನು ಎಳೆಯಬೇಕಿತ್ತು. ಇಳಿಯಲು ಹೊರಟ ನೆಂಟರನ್ನೂ ಬೈದು ನಿಲ್ಲಿಸಿದೆ.

ಕೂಗಿದೆ. ಅಲೆಯ ಶಬ್ದಕ್ಕೆ ನನ್ನ ಕೂಗು ನನಗೇ ಕೇಳಲಿಲ್ಲ. ನಾನು ಬೆಲ್ಟು ಕಟ್ಟುತ್ತಿದ್ದ ಅಜ್ಜ ಒಬ್ಬರ ಹೆಗಲಿನಲ್ಲಿ ಬೈರಾಸು ಇತ್ತು. ಎಳೆದುಕೊಂಡೆ. ನೀರಿನ ಅಂಚಿಗೆ ಓಡಿ ಹೋಗಿ ಬಡಗಣಕ್ಕೆ ಬೀಸಿದೆ, ನೊರೆ ಹತ್ತಿರ ಇದ್ದ ಬದಿ. ಕೆಳಗೆ ಹತ್ತು, ಇಲ್ಲಿಗೆ ಬರಬೇಡ, ಎಂದು ಚಿಕ್ಕಂದಿನಲ್ಲಿ ಬೀಸಿದ ಹಾಗೆ. ಅತ್ತಿಗೆಗೆ ಈಗ ಅರ್ಥವಾಯಿತು. ಅವರು ಮರಳಿನಲ್ಲಿ ಕೂತುಬಿಟ್ಟರು.

ಒಂದು ಅಲೆ ಅವನನ್ನು ಎತ್ತಿತು. ತಲೆ ಮೇಲೆ ಬಂತು, ಮುಖ ನನ್ನ ಕಡೆ ನಿಂತಿತು. ಮತ್ತೆ ಇಳಿಯಿತು. ನಾನು ಬೀಸುತ್ತಲೇ ಇದ್ದೆ. ಎರಡನೇ ಸಲ ತಲೆ ಮೇಲೆ ಬಂದಾಗ ಕೈ ಹೊಡೆಯುವುದು ನಿಂತಿತ್ತು. ಮುಳುಗಿದ ಎಂದುಕೊಂಡೆ. ಮುಳುಗಿರಲಿಲ್ಲ, ಅಂಗಾತ ಮಲಗಿದ್ದ. ನೀರು ಕೊಂಡುಹೋಗುವಷ್ಟು ಕೊಂಡುಹೋಗಲಿ ಎಂದು ಬಿಟ್ಟಿದ್ದ. ಸ್ವಲ್ಪ ಹೊತ್ತಾದ ಮೇಲೆ ಮಗುಚಿ, ದಡದ ಕಡೆ ನೋಡದೆ, ಬಡಗಣಕ್ಕೆ ಓರೆಯಾಗಿ ಕೈ ಹಾಕಿದ. ಉದ್ದದ ಕೈ. ಹೊಳೆ ದಾಟುವ ಕೈ.

ನೊರೆಯ ಹತ್ತಿರ ಅದ್ರಾಮ ಅವನನ್ನು ಸೇರಿದ. ಕೊಳವೆಯನ್ನು ಅಣ್ಣ ತೆಂಗಿನಕಾಯಿ ಹಿಡಿದ ಹಾಗೆ ಕಂಕುಳಿಗೆ ಸೇರಿಸಿಕೊಂಡದ್ದು ಇಲ್ಲಿಗೆ ಕಂಡಿತು. ಮತ್ತೆ ಅಲೆಯೇ ಇಬ್ಬರನ್ನೂ ತಂದು ತುಂಬ ದೂರದಲ್ಲಿ ಮರಳಿಗೆ ಹಾಕಿತು. ಅಣ್ಣ ಮರಳಿನಲ್ಲಿ ಕೂತು ಒಂದಷ್ಟು ನೀರು ಕಾರಿದ. ಆಸ್ಪತ್ರೆಗೆ ಹೋಗಬೇಕು, ವ್ಯಾನು ಅಲ್ಲಿಗೇ ತರಿಸುವ ಎಂದು ಅದ್ರಾಮ ಹೇಳಿದರೂ ಕೇಳದೆ, ಎದ್ದು ದಡದಲ್ಲಿ ನಡೆದುಕೊಂಡೇ ವಾಪಾಸು ಬಂದ. ಅದ್ರಾಮ ಕೊಳವೆ ಹೆಗಲಿಗೆ ಹಾಕಿಕೊಂಡು ಹಿಂದಿನಿಂದ.

ಅಣ್ಣ ನನ್ನ ಎದುರಿಗೆ ಬಂದು ನಿಂತ. ಕಣ್ಣು ಕೆಂಪಾಗಿತ್ತು.

"ಕಾಯಿ ಎಲ್ಲಿ?" ಎಂದೆ.

"ಸಿಕ್ಕಲಿಲ್ಲ" ಎಂದ.

ಅತ್ತಿಗೆ ಎದ್ದು ಬಂದು ಅವನ ಬೆನ್ನಿಗೆ ಎರಡು ಹೊಡೆದರು. ನೀರು ಇಳಿಯಲಿ ಎಂದಾ, ಸಿಟ್ಟಿಗಾ ಗೊತ್ತಿಲ್ಲ. "ಪುಣ್ಯ ಸಾಕಾ, ಇನ್ನೂ ಸ್ವಲ್ಪ ಬೇಕಾ?" ಎಂದು ಕೇಳಿದರು. ವ್ಯಾನಿಗೆ ಹತ್ತಿಸಿ ಆಸ್ಪತ್ರೆಗೆ ಕಳಿಸಿದೆವು. ಉಪ್ಪು ನೀರು ಕುಡಿದವನು ನಡೆದು ಬಂದರೂ ಡಾಕ್ಟರ್ ನೋಡಲೇಬೇಕು, ಇದೂ ನೆನಪಿರಲಿ. ಹತ್ತುವಾಗ ನನ್ನ ಕಡೆ ತಿರುಗಿದ.

"ಅದು ಹೊಳೆ ಮಾರಾಯ್ತಿ. ಕಡಲಿನೊಳಗೆ ಹೊಳೆ ಉಂಟು. ಎರಡು ಬದಿಯಲ್ಲಿ ದಡವೂ ಉಂಟು, ನೊರೆಯ ದಡ. ನಾನು ನೆರೆಗೆ ಎದುರು ಈಜಿದೆ. ಜೀವಮಾನದಲ್ಲಿ ಮಾಡದ ಕೆಲಸ."

"ನಾನು ಹೇಳಿರ್ಲಿಲ್ವಾ?"

"ನೀನು ಹೇಳಿದ್ದು ಸೆಳೆತ ಅಂತ. ಹೊಳೆ ಅಂತ ಹೇಳ್ಬೇಕಿತ್ತು."

ಮುಳುಗಲಿಕ್ಕೆ ಹೋದವನು ಬೇರೆಯವರ ತಪ್ಪು ಹುಡುಕುತ್ತಾನೆ. ಆದರೆ ಮಾತು ಸರಿ ಇತ್ತು. ಅಲ್ಲಿಂದ ಮತ್ತೆ ನಮ್ಮ ಕಡೆಯ ಬಸ್ಸು ಬಂದರೆ ನಾನು ಸೆಳೆತ ಎಂದು ಹೇಳಲೇ ಇಲ್ಲ. ಕೆಂಪು ಬಾವುಟದ ಹತ್ತಿರ ನಿಂತು, "ಅಲ್ಲಿ ಒಂದು ಹೊಳೆ ಉಂಟು, ನೆರೆ ಬಂದ ಹೊಳೆ, ಪಡುವಣಕ್ಕೆ ಹರೀತಾ ಉಂಟು. ಇಳಿಯುವವರು ಇಳೀರಿ" ಎನ್ನುತ್ತಿದ್ದೆ. ಬೆಳ್ತಂಗಡಿಯ ಗಂಡಸರು ಸೊಂಟಕ್ಕೆ ಕೈ ಕೊಟ್ಟು ನೋಡಿ, "ಹೌದಲ್ಲ ಮಾರಾಯ" ಎಂದು ತಮ್ಮೊಳಗೆ ಹೇಳಿಕೊಂಡು ಬಾವುಟದ ನಡುವೆ ಹೋಗುತ್ತಿದ್ದರು. ಹುಡುಗಿಯರೇ, ನೀವೂ ಹಾಗೇ ಹೇಳಿ. ಘಟ್ಟದ ಮೇಲಿನವರು ಬಂದರೆ ಅವರಿಗೆ ಬೇರೆ ಮಾತು ಹುಡುಕಿ, ಅದು ನಿಮ್ಮ ಕೆಲಸ.

ನಾನು ಕೆಲಸ ಬಿಡುವ ಮೊದಲಿನ ಎಳ್ಳಮಾವಾಸ್ಯೆಗೆ ಅಣ್ಣ ಪುನಃ ಬಂದ. ಹೇಳದೆ ಬಂದ. ನಾನು ತಲೆ ತಗ್ಗಿಸಿ ಒಬ್ಬರಾದ ಮೇಲೆ ಒಬ್ಬರಿಗೆ ಕಟ್ಟುತ್ತಿದ್ದೆ. ಮುಂದಿನವರ ಕಾಲು ನೋಡಿದೆ, ಹೆಬ್ಬೆರಳಿಗೆ ದೋಣಿಯ ಹಲಗೆ ಬಿದ್ದು ಚಪ್ಪಟೆಯಾದ ಉಗುರು. ಸಾಲಿನಲ್ಲಿ ನಿಂತು ಬಂದಿದ್ದ. ಎರಡೂ ಕೈ ತಲೆಯ ಮೇಲೆ ಎತ್ತಿ ಹಿಡಿದು ಕಡಲಿನ ಕಡೆ ನೋಡುತ್ತಿದ್ದ, ನನ್ನ ಮುಖ ನೋಡಲಿಲ್ಲ. ನಾನು ಬಕಲು ಹಾಕಿದೆ. ಕೆಳಗಿನ ಬೆಲ್ಟನ್ನು ಅವನೇ ತೆಗೆದು ಮುಂದೆ ಕೊಟ್ಟ. ಎಳೆದು ಕಟ್ಟಿದೆ. ಎದ್ದು ನಿಂತು ಹೆಗಲಿನಲ್ಲಿ ಹಿಡಿದು ಮೇಲಕ್ಕೆ ಎತ್ತಿ ನೋಡಿದೆ. ಜಾಕೆಟ್ ಅಲ್ಲಾಡಲಿಲ್ಲ.

"ಬಿಗಿ ಆಯ್ತಾ?" ಎಂದು ಕೇಳಿದೆ.

"ಉಸಿರು ಬಿಡ್ಲಿಕ್ಕೆ ಆಗುದಿಲ್ಲ."

"ಹಾಗಾದರೆ ಸರಿ ಉಂಟು. ಹೋಗು" ಎಂದು ಹೇಳಿ, ಹಿಂದಿನವರನ್ನು ಕರೆದೆ. ಅವನ ಬೆನ್ನನ್ನು ಮಾತ್ರ ನೀರಿನವರೆಗೆ ನೋಡಿದೆ. ದಾರಿಯಲ್ಲಿ ಬಿಚ್ಚಲಿಲ್ಲ.